ಹರಿಹರಕ್ಕೊಬ್ಬ ಪತ್ತೇದಾರ ಬೇಕು

ಪತ್ತೇದಾರಿ ಕಾದಂಬರಿ ಓದೋದು ಕಾಲಹರಣ ಅಂತ ನಮ್ಮ ವಿಮರ್ಶಕ ಮಹಾಶಯರು ತೀರ್ಪು ಕೊಟ್ಟು ಬಹಳ ಕಾಲವಾಯಿತು. ನಾಲ್ಕನೇ ತರಗತಿವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಸಾಮಾನ್ಯ ಜನಕ್ಕೆ ಓದಿನ ರುಚಿ ಹತ್ತಿಸಿದರು. ಅದು ಸಾಹಿತ್ಯ ಸೇವೆ ಅಲ್ಲವೇನ್ರಿ?

ಈಗ ಲಂಡನ್ನಿನ ಕಡೆ ನೋಡಿ. ಬೆನ್ ಆರೊನೊವಿಚ್ 2011ರಲ್ಲಿ ತನ್ನ ಊರಿನ ಮೇಲೆ ಮಂತ್ರ-ಮಾಯೆಯ ಪತ್ತೇದಾರಿ ಕತೆ ಬರೆದ. ಅದೇ ವರ್ಷ ಅದರ ಎರಡನೇ ಭಾಗ ‘ಮೂನ್ ಓವರ್ ಸೋಹೊ’ ಬಂತು. ಅಲ್ಲಿ ಥೇಮ್ಸ್ ನದಿಯ ದೇವತೆ ನೈಜೀರಿಯಾದಿಂದ ಬಂದ ಕಪ್ಪು ಹೆಂಗಸು. ಪತ್ತೇದಾರ ಒಬ್ಬ ಕಾನ್‌ಸ್ಟೇಬಲ್. ಅವನ ತಾಯಿ ಸಿಯೆರಾ ಲಿಯೋನ್‌ನಿಂದ ಬಂದು ಕಚೇರಿಗಳ ಕಸ ಗುಡಿಸುವವಳು. ಜಾಜ್ ವಾದ್ಯಗಾರರು ಒಬ್ಬೊಬ್ಬರೇ ಸಾಯುತ್ತಾರೆ. ನೋಡಿದವರಿಗೆ ಅದು ಸಹಜ ಸಾವು. ಕಸ ಗುಡಿಸುವವಳ ಮಗ ಮಾತ್ರ ಹೆಣದ ಹತ್ತಿರ ಬಗ್ಗಿ, ಅದರೊಳಗೆ ಉಳಿದ ಹಾಡು ಕೇಳಿಸಿಕೊಂಡು, ‘ಇದು ಸಹಜವಲ್ಲ’ ಅನ್ನುತ್ತಾನೆ.

ಗೊತ್ತಿರೋ ಬೀದಿ ಪುಸ್ತಕದಲ್ಲಿ ಬಂದರೆ ಓದುಗ ಸಾಕ್ಷಿಯಾಗುತ್ತಾನೆ. ಬರೆದವನು ಸುಳ್ಳು ಹೇಳೋ ಹಂಗಿಲ್ಲ.

ನಮ್ಮ ಹರಿಹರಕ್ಕೂ ಮಾಯೆಯ ಕತೆ ಐತೆ. ಸ್ಥಳಪುರಾಣದ ಪ್ರಕಾರ ಇದು ಗುಹಾಸುರನ ನೆಲ, ಗುಹಾರಣ್ಯ. ಹರಿಯೂ ಹರನೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಇವತ್ತೂ ನಿಂತೈತೆ. ಕೊಂದವರಿಗೆ ಗುಡಿ ಆಯಿತು. ಸತ್ತವನ ಹೇಳಿಕೆ ಯಾರು ಬರೆದುಕೊಂಡರು? ಅಸುರ ಅಂದಮೇಲೆ ತನಿಖೆ ಮುಗೀತು!

ನಮ್ಮ ಮಾಟದ ಕತೆ, ಮಾಟದ ಸಿನಿಮಾಗಳದ್ದೂ ಬಹುಪಾಲು ಇದೇ ಜಾಡು. ಮಾಟಗಾರ ಸುಡುಗಾಡಿನವನು, ಕಾಡಿನವನು, ಊರಾಚೆಯವನು. ಅಪರಾಧಿ ಕೇರಿಯ ಕಡೆಯಿಂದಲೇ ಬರಬೇಕು!

ತುಂಗಭದ್ರೆಯನ್ನು ಕೇಳಿ ನೋಡಿ. ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. 1980ರ ದಶಕದಲ್ಲಿ ಹೊಳೆಯಲ್ಲಿ ಮೀನು ಸತ್ತು ತೇಲಿದವು. ಕೆಳದಂಡೆಯ ಹಳ್ಳಿಯವರು ಅದನ್ನು ದೇವರ ಮುನಿಸು ಅಂತ ಕೈಮುಗಿದು ಕೂರಲಿಲ್ಲ. ಕಾರ್ಖಾನೆಯ ಕೊಳೆನೀರಿನತ್ತ ಬೆರಳು ತೋರಿಸಿದರು. ಅದೇ ಕಾರ್ಖಾನೆಯ ತಿರುಳಿಗಾಗಿ ಊರೊಟ್ಟಿನ ಜಮೀನು ನೀಲಗಿರಿ ತೋಪಾದಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಅಂದರೆ ಅದೇ. ಕಣ್ಣು ಮೂಗು ಬಿಟ್ಟರೆ ಅವರ ಕೈಲಿ ಬೇರೆ ಭೂತಕನ್ನಡಿ ಇತ್ತೇ?

ಆದರೆ ಲಂಡನ್ನಿನ ಅಚ್ಚನ್ನು ಹಾಗೇ ಇಳಿಸಿಕೊಳ್ಳಬೇಡಿ. ಅಲ್ಲಿ ಪತ್ತೇದಾರನ ಮೈಮೇಲೆ ಪೊಲೀಸ್ ಅಂಗಿ. ನಮ್ಮ ಕೇರಿಗೆ ಆ ಅಂಗಿ ಬರೋದು ಕೇಸು ಬಿಡಿಸೋಕಲ್ಲ, ಕೇಸು ಹಾಕೋಕೆ. ನಮ್ಮ ಪತ್ತೇದಾರ ಪೌರಕಾರ್ಮಿಕಳ ಮಗಳಾಗಲಿ, ಊರಿನ ಚರಂಡಿಯೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಬಲ್ಲವಳು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಅವಳು ದೆವ್ವ ಹುಡುಕೋದಿಲ್ಲ, ಕೆಮ್ಮುವವನನ್ನು ಹುಡುಕುತ್ತಾಳೆ.

ಹಳ್ಳಿ ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಮಾಯೆಯ ಕತೆ ಬೇಡ ಅಂತಲ್ಲ. ದೆವ್ವ ಇರಲಿ, ಹೊಳೆ ಮಾತಾಡಲಿ, ಗುಹಾಸುರ ಎದ್ದು ಬಂದು ದೂರು ಕೊಡಲಿ. ಪುರಾಣ ಬರೆದವರು ಮೊದಲನೇ ಭಾಗ ಮುಗಿಸಿದ್ದಾರೆ. ಎರಡನೇ ಭಾಗ ನೀವು ಬರೀರಿ.