ಕತ್ತರಿ ಬೇಡ ಎಂದರೆ ವೈದ್ಯರೂ ಬೇಡವೇ?

ಮದುವೆ ಹಂಗಾಮು ಹತ್ತಿರವಾದಂತೆ ಬೆಂಗಳೂರಿನ ಸ್ಕಿನ್ ಕ್ಲಿನಿಕ್‌ಗಳ ಇನ್‌ಸ್ಟಾಗ್ರಾಂ ಪುಟಗಳು ರಂಗೇರುತ್ತವೆ. ಮದುಮಗಳ ಫೇಶಿಯಲ್‌ಗಷ್ಟೇ ಮೀಸಲಾಗಿದ್ದ ಪ್ಯಾಕೇಜು ಈಗ ಅವಳ ಅಮ್ಮನಿಗೂ ಚಿಕ್ಕಮ್ಮನಿಗೂ ಬಂದಿದೆ. ಗದ್ದದ ಕೆಳಗೆ ಜೋಲುವ ಚರ್ಮ, ಸಡಿಲಾದ ಕತ್ತು, ಮಸುಕಾದ ದವಡೆಯ ಗೆರೆ, ಎಲ್ಲಕ್ಕೂ ಗಂಟೆ ಹೊತ್ತಿನ ಯಂತ್ರೋಪಚಾರವಿದೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ರಜೆ ಹಾಕುವುದೂ ಬೇಡ ಎನ್ನುತ್ತದೆ ಜಾಹೀರಾತು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕತ್ತರಿ ಇಲ್ಲದ ಮೇಲೆ ವೈದ್ಯರ ಅಗತ್ಯವೂ ಇಲ್ಲ ಎಂದು ಜನ ತಾವಾಗಿಯೇ ಅಂದುಕೊಳ್ಳುತ್ತಾರಲ್ಲ, ತೊಂದರೆ ಶುರುವಾಗುವುದು ಅಲ್ಲಿ.

ಈ ಯಂತ್ರಗಳು ಮಾಡುವುದು ಒಂದೇ ಕೆಲಸ: ಚರ್ಮದ ಒಳಪದರಕ್ಕೆ ಕಾವು ಕೊಡುವುದು. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಗುಲಿದರೆ ಮುದುಡಿಕೊಳ್ಳುತ್ತವೆ. ದೇಹ ಅದನ್ನು ಗಾಯವೆಂದೇ ಭಾವಿಸಿ ಹೊಸ ಕೊಲಾಜೆನ್ ಕಟ್ಟತೊಡಗುತ್ತದೆ. ರೇಡಿಯೋ ಫ್ರೀಕ್ವೆನ್ಸಿ ಯಂತ್ರ ಈ ಕಾವನ್ನು ಹರಡಿ ಕೊಟ್ಟರೆ, ಅಲ್ಟ್ರಾಸೌಂಡ್ ಯಂತ್ರ ಚುಕ್ಕಿ ಚುಕ್ಕಿಯಾಗಿ 1.5, 3 ಅಥವಾ 4.5 ಮಿಲಿಮೀಟರ್ ಆಳಕ್ಕೆ ಇಳಿಸುತ್ತದೆ. ಫೇಸ್‌ಲಿಫ್ಟ್ ಮಾಡುವ ಸರ್ಜನ್ ಎಳೆದು ಬಿಗಿಯುವ ಪದರ ಇರುವುದೂ ಸುಮಾರು ಆ ಕೊನೆಯ ಆಳದಲ್ಲೇ. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಕೆಲವರಿಗೆ ಆರು ತಿಂಗಳೂ ಹಿಡಿಯಬಹುದು. ಬರುವ ಭಾನುವಾರದ ಆರತಕ್ಷತೆಗೆಂದು ಇಂದು ಹೋಗಿ ಮಲಗಿದವರಿಗೆ ಸಿಗುವುದು ಒಂದಿಷ್ಟು ಊತ, ಒಂದಿಷ್ಟು ಕೆಂಪು.

ಫಲವೂ ಜಾಹೀರಾತಿನ ಫೋಟೊದಷ್ಟು ದೊಡ್ಡದಲ್ಲ. ಚರ್ಮ ಈಗಷ್ಟೇ ಸಡಿಲಾಗತೊಡಗಿದವರಿಗೆ ಕೆನ್ನೆ, ದವಡೆ ತುಸು ಬಿಗಿಯಾದಂತೆ ಕಾಣುತ್ತವೆ. ಕತ್ತಿನ ಚರ್ಮ ಪೂರಾ ಜೋತುಬಿದ್ದಿದ್ದರೆ ಅಥವಾ ಕತ್ತಿನ ಸ್ನಾಯುಗಳು ಹಗ್ಗದಂತೆ ಎದ್ದು ಕಾಣುತ್ತಿದ್ದರೆ ಈ ಕಾವಿನಿಂದ ಹೆಚ್ಚೇನೂ ಆಗದು. ಆದದ್ದೂ ಶಾಶ್ವತವಲ್ಲ. ಪ್ರಾಯಕ್ಕೆ ಬಂದ ಮೇಲೆ ಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಕರಗುತ್ತ ಹೋಗುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಂತೂ ಹೆಣ್ಣುಮಕ್ಕಳು ಅದರ ಶೇ 30ರಷ್ಟನ್ನು ಕಳೆದುಕೊಳ್ಳುತ್ತಾರೆ. ಯಾವ ಯಂತ್ರವೂ ಇದನ್ನು ತಡೆದು ನಿಲ್ಲಿಸಲಾರದು. 'ನಿಮಗೆ ಇದರಿಂದ ಪ್ರಯೋಜನವಿಲ್ಲ' ಎಂದು ಹೇಳಿ ವಾಪಸು ಕಳಿಸಬಲ್ಲವರು ಕೌಂಟರಿನ ಆಚೆ ಇರಬೇಕು. ತಿಂಗಳ ಟಾರ್ಗೆಟ್ ಹೊತ್ತ ಕೌನ್ಸೆಲರ್ ಆ ಮಾತು ಆಡುವುದು ಕಷ್ಟ.

ಅಪಾಯವೂ ಇಲ್ಲದಿಲ್ಲ. ದವಡೆಯ ಅಂಚಿನಲ್ಲೇ ಕೆಳತುಟಿಯನ್ನು ಆಡಿಸುವ ನರ ಹಾದುಹೋಗುತ್ತದೆ. ಅದಕ್ಕೆ ಬಿಸಿ ತಗುಲಿದರೆ ನಕ್ಕಾಗ ಬಾಯಿ ಸೊಟ್ಟಗಾಗುತ್ತದೆ. ಸಾಮಾನ್ಯವಾಗಿ ಕೆಲ ವಾರಗಳಲ್ಲಿ ಸರಿಹೋದರೂ ಆ ವಾರಗಳು ಸಣ್ಣವಲ್ಲ. ಕಾವು ತಪ್ಪು ಆಳಕ್ಕಿಳಿದರೆ ಕೊಬ್ಬು ಕರಗಿ ಕೆನ್ನೆ ಗುಳಿಬೀಳಬಹುದು. ಕಣ್ಣಿನ ತೀರಾ ಹತ್ತಿರ ಅಲ್ಟ್ರಾಸೌಂಡ್ ಪ್ರಯೋಗಿಸಿ ಕಣ್ಣಿನ ಪೊರೆ ಬಂದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಲೇಸರ್‌ಗೆ ಹೋಲಿಸಿದರೆ ಈ ಎರಡೂ ವಿಧಾನಗಳು ನಮ್ಮ ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತ ಎಂಬುದು ನಿಜ. ಆದರೆ ಸುಟ್ಟರೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗದಿರುವುದೂ ಇದೇ ಚರ್ಮದಲ್ಲಿ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಈ ಯಂತ್ರಗಳಿಗೆ ಅನುಮತಿ ಕೊಟ್ಟದ್ದು ಅಳೆದೂ ಸುರಿದೂ. 2002ರಲ್ಲಿ ರೇಡಿಯೋ ಫ್ರೀಕ್ವೆನ್ಸಿ ಬಳಸುವ ಥರ್ಮೇಜ್‌ಗೆ ಒಪ್ಪಿಗೆ ಸಿಕ್ಕಿದ್ದು ಕಣ್ಣಿನ ಸುತ್ತಲಿನ ಸುಕ್ಕಿಗೆ. ಅಲ್ಟ್ರಾಸೌಂಡ್ ಬಳಸುವ ಅಲ್ಥೆರಪಿಗೆ 2009ರಲ್ಲಿ ಹುಬ್ಬೆತ್ತಲು ಒಪ್ಪಿಗೆ ಬಂತು, ಗದ್ದದಡಿಗೂ ಕತ್ತಿಗೂ ಬಳಸಲು 2012ರವರೆಗೆ ಕಾಯಬೇಕಾಯಿತು. ಸೂಜಿಗಳ ಮೂಲಕ ರೇಡಿಯೋ ಫ್ರೀಕ್ವೆನ್ಸಿ ಹಾಯಿಸುವ ಹೊಸ ಬಗೆಯ ಯಂತ್ರಗಳಿಂದ ಸುಟ್ಟ ಗಾಯ, ಕಲೆ, ಕೊಬ್ಬು ನಷ್ಟ, ನರಕ್ಕೆ ಪೆಟ್ಟು ಆದ ದೂರುಗಳು ಬಂದಾಗ, 2025ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಇದು ಸೌಂದರ್ಯವರ್ಧನೆಯಲ್ಲ, ವೈದ್ಯಕೀಯ ವಿಧಾನ ಎಂದು ಬಿಡಿಸಿ ಹೇಳಿತು.

ದುಡ್ಡಿದ್ದವರು, ಹೆಸರಿದ್ದವರು ಸುರಕ್ಷಿತ ಎನ್ನುವಂತೆಯೂ ಇಲ್ಲ. ತೊಂಬತ್ತರ ದಶಕದ ಸೂಪರ್ ಮಾಡೆಲ್ ಲಿಂಡಾ ಇವ್ಯಾಂಜಲಿಸ್ಟಾ 2015–16ರಲ್ಲಿ ಮಾಡಿಸಿಕೊಂಡದ್ದು ಕೊಬ್ಬನ್ನು ತಂಪಿನಿಂದ ಕರಗಿಸುವ, ಕತ್ತರಿ ಸೋಕದ ಮತ್ತೊಂದು ಚಿಕಿತ್ಸೆ. ಕರಗಬೇಕಿದ್ದ ಕೊಬ್ಬು ಗಟ್ಟಿಯಾಗಿ ಬೆಳೆಯಿತು. ವರ್ಷಗಟ್ಟಲೆ ಮನೆಯೊಳಗೇ ಉಳಿದ ಅವರು ಬಾಯಿಬಿಟ್ಟದ್ದು 2021ರಲ್ಲಿ.

ಹಾಗೆಂದು ಆಸೆಪಟ್ಟವರನ್ನು ಗೇಲಿ ಮಾಡುವುದು ಸಲ್ಲ. ತಲೆಗೆ ಬಣ್ಣ ಹಚ್ಚುವವರನ್ನು ಏನೂ ಅನ್ನದ ಸಮಾಜಕ್ಕೆ ಕತ್ತು ಬಿಗಿ ಮಾಡಿಸಿಕೊಳ್ಳುವವರನ್ನು ಆಡಿಕೊಳ್ಳುವ ಹಕ್ಕಿಲ್ಲ. ಅವರ ಮುಖ, ಅವರ ದುಡ್ಡು. ಆದರೆ ಆ ದುಡ್ಡು ಕೈಬಿಡುವ ಮೊದಲು ಅಗ್ಗದ ದಾರಿಯನ್ನೂ ಯಾರಾದರೂ ಹೇಳಬೇಕು. 28 ವರ್ಷ ಟ್ರಕ್ ಓಡಿಸಿದ 69ರ ಚಾಲಕರೊಬ್ಬರ ಚಿತ್ರವನ್ನು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' 2012ರಲ್ಲಿ ಪ್ರಕಟಿಸಿತ್ತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಹೆಚ್ಚು ಮುದಿಯಾಗಿತ್ತು. ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರ ಮೇಲೆ ನಡೆದು 2013ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ನಾಲ್ಕೂವರೆ ವರ್ಷ ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಉಳಿದವರಿಗಿಂತ ಶೇ 24ರಷ್ಟು ಕಡಿಮೆ ಮುಪ್ಪಾಗಿತ್ತು. ನಮ್ಮಲ್ಲಿ ಸನ್‌ಸ್ಕ್ರೀನ್ ಹಚ್ಚುವವರೂ ಗದ್ದಕ್ಕೆ ಬಂದೊಡನೆ ಕೈ ನಿಲ್ಲಿಸುತ್ತಾರೆ, ಕತ್ತಿಗೆ ಬರಿಯ ಬಿಸಿಲು.

ಇನ್ನು ಸರ್ಕಾರದ ಪಾಲು. 2022ರ ಮೇನಲ್ಲಿ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನಲ್ಲಿ ತೀರಿಕೊಂಡಾಗ ಚರ್ಚೆ ಎದ್ದಿತ್ತು. ಅಂಥ ಚರ್ಚೆ ಆಪರೇಷನ್ ಥಿಯೇಟರಿನ ಹೊಸ್ತಿಲು ದಾಟುವುದು ಅಪರೂಪ. ಕ್ಲಿನಿಕ್ ನಡೆಸಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಣಿ ಕಡ್ಡಾಯ. ಬ್ಯೂಟಿ ಪಾರ್ಲರಿಗೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಇದ್ದರೆ ನಡೆಯುತ್ತದೆ. ಚರ್ಮದೊಳಕ್ಕೆ 60 ಡಿಗ್ರಿ ಕಾವು ಇಳಿಸುವ ಯಂತ್ರ ಎಲ್ಲೇ ಇರಲಿ, ಅದು ಮೊದಲನೆಯ ಕಾಯ್ದೆಯ ತಪಾಸಣೆಗೆ ಒಳಪಡಬೇಕು. ಯಂತ್ರದ ಹೆಸರು, ಬಳಸಿದ ಆಳ, ಹೊಣೆ ಹೊತ್ತ ಚರ್ಮತಜ್ಞರ ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆಯೇ ಅಚ್ಚಾಗಬೇಕು. ಸೌಂದರ್ಯ ಚಿಕಿತ್ಸೆಯನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರಗಿಡುವುದರಿಂದ ಎಡವಟ್ಟಾದರೆ ಖರ್ಚೆಲ್ಲ ಗ್ರಾಹಕರ ಮೇಲೇ ಬೀಳುವ ಸಂಭವವೇ ಹೆಚ್ಚು. ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವಾಗ ಅವರ ಕೈಯಲ್ಲಿ ಕನಿಷ್ಠ ಆ ಬಿಲ್ಲಾದರೂ ಇರಲಿ.