ಕೆಪ್ಲರ್‌ನ ಕೈಬಿಡದ ನಂಬಿಕೆ

ಗ್ರಹಚಲನೆಯ ನಿಯಮಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ, ಯೋಹಾನೆಸ್ ಕೆಪ್ಲರ್ ಪಾದ್ರಿಯಾಗಬೇಕೆಂದು ಓದಿದವನೆಂಬುದು ಗೊತ್ತಿರಲಾರದು. 1611ರಲ್ಲಿ ಸಿಡುಬು ಮಗನನ್ನು ಕೊಂಡೊಯ್ದಿತು. ಅದೇ ವರ್ಷ ಹೆಂಡತಿಯೂ ತೀರಿಕೊಂಡಳು. ಮರುವರ್ಷ ಲಿಂಟ್ಸ್ ನಗರಕ್ಕೆ ಬಂದರೆ, ಅಲ್ಲಿನ ಲೂಥರನ್ ಪಾದ್ರಿ ಪ್ರಭುಭೋಜನಕ್ಕೇ ಸೇರಿಸಲಿಲ್ಲ. ಕ್ರಿಸ್ತನ ದೇಹ ಎಲ್ಲೆಡೆ ಇದೆಯೆಂಬ ತತ್ವ ಕೆಪ್ಲರ್‌ಗೆ ಮನವರಿಕೆಯಾಗಿರಲಿಲ್ಲ. ಸಭೆಯ ಪತ್ರಕ್ಕೆ ಪೂರ್ತಿ ಒಪ್ಪಿ ಸಹಿ ಹಾಕಲೊಲ್ಲೆನೆಂದ. ಸುಳ್ಳು ಸಹಿ ಹಾಕಿದ್ದರೆ ಎಲ್ಲವೂ ಮುಗಿಯುತ್ತಿತ್ತು! ಹಾಕಲಿಲ್ಲ, ಲೂಥರನ್ ಮತವನ್ನೂ ಬಿಡಲಿಲ್ಲ.

1618ರ ಆರಂಭದಲ್ಲಿ ಎಳೆಯ ಮಗಳು ಸತ್ತಳು. ಮಾರ್ಚಿನಲ್ಲಿ ಮೂರನೆಯ ನಿಯಮ ಹೊಳೆಯಿತು. ಲೆಕ್ಕ ತಪ್ಪಿ ಕೂಡಿಬರದೆ ತಾನೇ ತಳ್ಳಿಹಾಕಿದ. ಮೇ 15ರಂದು ಮತ್ತೆ ಹಿಡಿದಾಗ ತಾಳೆಯಾಯಿತು. ಕನಸೇನೋ ಎನಿಸಿತಂತೆ. 1619ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಲೆಕ್ಕಗಳ ಜೊತೆಗೇ ಪ್ರಾರ್ಥನೆಯೂ ಇದೆ. ಅದೇ ವರ್ಷ ಟ್ಯೂಬಿಂಗೆನ್‌ನ ಧರ್ಮಪಂಡಿತರು, ಆತನನ್ನು ಪ್ರಭುಭೋಜನದಿಂದ ಹೊರಗಿಟ್ಟದ್ದೇ ಸರಿಯೆಂದರು.