ಬೇರಿನೊಳಗಿನ ಬಿಸಿ

ಹಲ್ಲು ಕೊರೆಸಿಕೊಂಡು ಮನೆಗೆ ಬಂದ ಮಕ್ಕಳು ಹೆಚ್ಚಾಗಿ ದೂರುವುದು ಬಾಯಿ ತುಂಬ ಚಿಮ್ಮಿದ ನೀರನ್ನು ಕುರಿತು. ಆ ನೀರು ಬರಿಯ ಪುಡಿ ತೊಳೆಯುವುದಕ್ಕೆಂದು ಹಿರಿಯರೂ ಭಾವಿಸುವುದುಂಟು. ಅದಕ್ಕೆ ಇನ್ನೊಂದು ದೊಡ್ಡ ಕೆಲಸವಿದೆ. ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಕೊರೆಮೊನೆಯ ಉಜ್ಜುವಿಕೆಯಿಂದ ಹುಟ್ಟುವ ಉಷ್ಣವನ್ನು ಅದು ಹೊತ್ತೊಯ್ಯುತ್ತದೆ. ನಾವು ರೂಟ್ ಕೆನಾಲ್ ಎಂದು ಕರೆಯುವ ಬೇರುನಾಳ ಚಿಕಿತ್ಸೆಯಲ್ಲಿ ಈ ಬಿಸಿಯ ವಿಚಾರ ಇನ್ನಷ್ಟು ಸೂಕ್ಷ್ಮವಾದುದು.

ಹುಳುಕು ತಲುಪಿ ಕೆಟ್ಟುಹೋದ ದಂತಮಜ್ಜೆಯನ್ನು ತೆಗೆದು, ನಾಳವನ್ನು ಶುಚಿಗೊಳಿಸಿ, ತುಂಬಿ ಮುಚ್ಚುವುದು ಈ ಚಿಕಿತ್ಸೆಯ ಕ್ರಮ. ನರವನ್ನೇ ತೆಗೆದ ಮೇಲೆ ಬಿಸಿಯಿಂದೇನು ಕೇಡು ಎಂಬ ಪ್ರಶ್ನೆ ಸಹಜ. ಕೇಡು ಬೇರಿನ ಹೊರಗಿರುವ ಜೀವಂತ ಭಾಗಕ್ಕೆ. ಬೇರನ್ನು ದವಡೆಯೊಡನೆ ಬಿಗಿದಿರುವ ತಂತುಗಳೂ ಅದರಾಚೆಯ ಮೂಳೆಯೂ ಹೆಚ್ಚು ಕಾವನ್ನು ಸಹಿಸಲಾರವು. ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ ಎಂಬವರು ಮೊಲದ ಮೂಳೆಯ ಮೇಲೆ ಪ್ರಯೋಗ ನಡೆಸಿ 1983ರಲ್ಲಿ ಪ್ರಕಟಿಸಿದಂತೆ, 47 ಡಿಗ್ರಿ ಸೆಲ್ಸಿಯಸ್ ತಾಪ ಒಂದು ನಿಮಿಷ ಉಳಿದರೆ ಮೂಳೆಗೆ ಹಾನಿಯಾಗುತ್ತದೆ. ನಮ್ಮ ದೇಹದ ತಾಪ ಸುಮಾರು 37 ಡಿಗ್ರಿ. ಆದುದರಿಂದ ಬೇರಿನ ಹೊರಮೈಯ ತಾಪ 10 ಡಿಗ್ರಿಗಿಂತ ಹೆಚ್ಚು ಏರಬಾರದೆಂಬುದು ದಂತವೈದ್ಯರು ಲಕ್ಷ್ಯದಲ್ಲಿಡುವ ಮಿತಿ.

ಹೀಗಿದ್ದೂ ನಾಳ ತುಂಬುವಾಗ ಕೆಲವು ವೈದ್ಯರು ಸುಮಾರು 200 ಡಿಗ್ರಿಗೆ ಕಾಯಿಸಿದ ಲೋಹದ ಮೊನೆಯನ್ನು ಒಳಗಿಳಿಸುತ್ತಾರೆ. ತುಂಬುವ ವಸ್ತುವಿನ ಹೆಸರು ಗಟ್ಟಾ ಪರ್ಚಾ, ಮಲಯ ಸೀಮೆಯ ಮರವೊಂದರ ಗಟ್ಟಿಗೊಂಡ ಹಾಲು. (ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಕೆಯಾದುದೂ ಇದೇ.) ಕಾವಿಗೆ ಅದು ಮೆತ್ತಗಾಗಿ ನಾಳದ ಸಂದುಗೊಂದುಗಳನ್ನು ಸೇರುತ್ತದೆ. 200 ಎಂಬ ಅಂಕಿಗೆ ಬೆದರಬೇಕಾಗಿಲ್ಲ. ಉಷ್ಣ ಬೇರೆ, ತಾಪ ಬೇರೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ ಮಕ್ಕಳು ಕಾರಣವನ್ನು ಬೇಗನೆ ಗ್ರಹಿಸುವರು. ಮೊನೆ ಬಹು ಸಣ್ಣದು, ತಗಲಿರುವುದು ಕೆಲವೇ ಸೆಕೆಂಡು. ಹಲ್ಲಿನ ಒಳಪದರವಾದ ಡೆಂಟಿನ್ ಉಷ್ಣದ ಮಂದವಾಹಕ. ಹೊರಗಿನ ತಂತುಗಳಲ್ಲಿ ಹರಿಯುವ ರಕ್ತವೂ ಕಾವನ್ನು ಒಯ್ಯುತ್ತದೆ. ದೋಸೆ ಎತ್ತುವಾಗ ಕಾದ ಕಾವಲಿಗೆ ಬೆರಳು ಕ್ಷಣಮಾತ್ರ ಸೋಕುವುದಕ್ಕೂ ಅಲ್ಲೇ ಊರಿ ನಿಲ್ಲುವುದಕ್ಕೂ ಇರುವ ಅಂತರ ಎಲ್ಲರೂ ಬಲ್ಲುದೇ. ಬೇರಿನ ಗೋಡೆ ತೆಳುವಾಗಿರುವ ಕೆಳದವಡೆಯ ಮುಂಬಲ್ಲುಗಳಲ್ಲಿ ಮಾತ್ರ ಹೆಚ್ಚಿನ ಜಾಗ್ರತೆ ಬೇಕು.

ಇದಕ್ಕಿಂತ ಯೋಚಿಸಬೇಕಾದ ಸಂದರ್ಭ, ಹಳೆಯ ಚಿಕಿತ್ಸೆಯನ್ನು ಬಿಚ್ಚಿ ಮತ್ತೆ ಮಾಡುವುದು. ಬೇರಿನೊಳಗೆ ಊರಿದ ಲೋಹದ ಕಡ್ಡಿಯನ್ನು ಸಡಿಲಿಸಲು ಶ್ರವಣಾತೀತ ಕಂಪನದ ಉಪಕರಣವನ್ನು ಬಳಸುತ್ತಾರೆ. ಲೋಹ ಉತ್ತಮ ವಾಹಕ. ನೀರು ಹಾಯಿಸದೆ ಕಂಪಿಸಿದರೆ ಒಂದು ನಿಮಿಷದೊಳಗೇ ಆ 10 ಡಿಗ್ರಿಯ ಮಿತಿ ಮೀರಬಹುದು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿರುವಾಗ ಸುಡುತ್ತಿದೆ ಎಂದು ರೋಗಿ ಹೇಳಲಾರ. ಎಚ್ಚರಿಸಬೇಕಾದ ನೋವೇ ಅಲ್ಲಿ ಇರುವುದಿಲ್ಲ. ಆದುದರಿಂದ ನೀರೂ ಬೇಕು, ನಡುನಡುವೆ ವಿರಾಮವೂ ಬೇಕು. ಬಸ್ಸಿಗೆ ಹೊತ್ತಾಯಿತು, ಬೇಗ ಮುಗಿಸಿ ಎಂದು ವೈದ್ಯರನ್ನು ಅವಸರಿಸುವ ಹಿರಿಯರು ಇದನ್ನು ತಿಳಿದಿರಬೇಕು. ವೈದ್ಯರು ನೆರೆಭಾಷೆಯಲ್ಲಿ ವಿವರಿಸಿದುದು ಅರ್ಥವಾಗದಿದ್ದರೂ ತಲೆಯಾಡಿಸಿ ಬರುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಇನ್ನೊಮ್ಮೆ ಕೇಳುವುದರಲ್ಲಿ ಸಂಕೋಚವೇನು?

ಚಿಕಿತ್ಸೆಯ ಬಳಿಕ ಕೆಲವು ದಿನ ಕಚ್ಚುವಾಗ ಸ್ವಲ್ಪ ನೋವಿರುವುದು ಸಾಮಾನ್ಯ. ನೋವು ದಿನೇ ದಿನೇ ಏರಿದರೆ, ವಸಡು ಬಿಳಿಚಿಕೊಂಡರೆ ಅಥವಾ ಮೂಳೆ ಕಾಣಿಸಿಕೊಂಡರೆ ತಡಮಾಡದೆ ತೋರಿಸತಕ್ಕದ್ದು. ಮನೆಗೆ ಬಂದೊಡನೆ ಬಿಸಿ ಕಾಫಿಯನ್ನಾಗಲಿ ಗಂಜಿಯನ್ನಾಗಲಿ ಕೊಡಬೇಡಿ. ಮರಗಟ್ಟಿದ ತುಟಿ ನಾಲಗೆಗಳಿಗೆ ಸುಟ್ಟದ್ದು ತಿಳಿಯದು. ಮರಗಟ್ಟಿದ್ದು ಪೂರ್ತಿ ಬಿಡುವ ತನಕ, ಎಂದರೆ ಕೆಲವು ಗಂಟೆಗಳ ಕಾಲ, ಮಗು ತುಟಿ ಕಚ್ಚಿಕೊಳ್ಳದಂತೆಯೂ ನೋಡಿಕೊಳ್ಳಿ.